ಸೂರ್ಯ ಎದೆಗೆ ಬಂದ ದಿನ

ಯಿರ್‌ಖುನ್, ವಖಾನ್ ಕಣಿವೆ
ಮಾರ್ಚ್ ೨೯, ೧೯೭೬

ಪ್ರೀತಿಯ ಕಿಮತ್‌ಶೋ ಅಣ್ಣನಿಗೆ,

ತಂಗಿ ಶಕರ್‌ಮೋಳ ಸಲಾಮು. ಯಾ ಅಲಿ ಮದದ್. ನೀನು, ಅತ್ತಿಗೆ, ಮಕ್ಕಳು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಾವೂ ಇಲ್ಲಿ ಚೆನ್ನಾಗಿದ್ದೇವೆ, ನನ್ನ ಎಡ ಮಂಡಿಯೊಂದನ್ನು ಬಿಟ್ಟು. ಹಿಮ ಬೀಳುವ ಮೊದಲು ನೀನು ಬರೆದ ಕಾಗದಕ್ಕೆ ಹಿಮ ಕರಗುವಾಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ದಾರಿ ಮುಚ್ಚಿತ್ತು. ದಾರಿ ತೆರೆದ ಮೇಲೆ ಹಸುಗಳು ಒಂದರ ಹಿಂದೆ ಒಂದು ಕರು ಹಾಕತೊಡಗಿದವು. ಕರು ಹಾಕುವ ಹಸು ನಿನ್ನ ಕಾಗದಕ್ಕಾಗಿ ಕಾಯುತ್ತದೆಯೇ? ಆಮೇಲೆ ಇಲ್ಲಿ ನಡೆದದ್ದು ನಡೆಯಿತು.

ಇದನ್ನು ಅಂಚೆಗೆ ಹಾಕುತ್ತಿಲ್ಲ, ಗೊತ್ತಿದ್ದವರ ಕೈಯಲ್ಲಿ ಕಳಿಸುತ್ತಿದ್ದೇನೆ. ಇದರಲ್ಲಿ ನಮ್ಮ ಕೂಡುಬೇಸಾಯ ಸಂಘದ ಅಧ್ಯಕ್ಷರೂ ಬರುತ್ತಾರೆ. ದಾರಿಯಲ್ಲಿ ಯಾರಾದರೂ ಒಡೆದು ಓದಿದರೆ ನನಗೇನಾಗುತ್ತದೆ, ಹಾಲು ಕರೆಯುವವಳನ್ನು ಇನ್ನೆಲ್ಲಿಗೆ ಇಳಿಸುತ್ತಾರೆ? ಹರಕೆ, ದೇವರು ಎಂದರೆ ಸರ್ಕಾರಕ್ಕೆ ಆಗದು, ಅವರ ಕುರ್ಚಿ ಹೋಗುತ್ತದೆ ಪಾಪ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿಂತಿದ್ದರೆ ಕೂತುಕೋ. ಅಣ್ಣ, ಅಪ್ಪ ಗೆದ್ದ. ನಮ್ಮ ಹರಕೆ ಬಂಡೆಯಲ್ಲಿ ತೂತು ಇದೆ. ಸೂರ್ಯ ಅದರೊಳಗಿಂದ ಬಂದ. ಊರೆಲ್ಲ ನೋಡಿತು, ನಾನು ನೋಡಿದೆ, ದೇವರ ಹೆಸರು ಕೇಳಿದರೆ ಮೂಗು ಮುರಿಯುವ ರಸ್ತೆ ಎಂಜಿನಿಯರೂ ನೋಡಿದ. ಇದನ್ನು ಬರೆಯುವಾಗ ನನಗೆ ಮತ್ತೆ ಹಾರಿ ಕುಣಿಯಬೇಕೆನ್ನಿಸುತ್ತಿದೆ, ಮಂಡಿ ಹಾಳಾಗಿ ಹೋಗಲಿ!

ನೀನು ಅಂದು ಆಡಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. ಹೊಸ ವರ್ಷದ ನವ್ರೂಜ್ ಹಬ್ಬ, ಶಾಲೆಯ ಅಂಗಳ, ಊರೆಲ್ಲ ಸೇರಿತ್ತು. ಅಪ್ಪ ಊರಿಗೆ ಉಳುವ, ಬಿತ್ತುವ ದಿನ ಎಣಿಸುವವನಲ್ಲವೇ, ಎದ್ದು ನಿಂತು ವಾಡಿಕೆಯಂತೆ “ಸೂರ್ಯ ಎದೆಗೆ ಬಂದ, ನೇಗಿಲು ಹೊರಗೆ ತೆಗೀರಪ್ಪಾ” ಎಂದ. ನೀನು ಓದು ಮುಗಿಸಿ ಹೊಸ ಕೋಟು ಹಾಕಿಕೊಂಡು ಬಂದಿದ್ದೆ. “ಅಪ್ಪಾ, ಸೂರ್ಯ ಎದೆಗೂ ಬರಲ್ಲ, ಹೊಟ್ಟೆಗೂ ಬರಲ್ಲ. ಗೋಡೆ ಮೇಲೆ ಕ್ಯಾಲೆಂಡರ್ ಇದೆ, ನೋಡು. ಬಂಡೇಲಿ ತೂತಿದೆ, ಸೂರ್ಯ ಅದರಲ್ಲಿ ತೂರಿ ಬರ್ತಾನೆ ಅಂತ ಕಥೆ ಹೇಳ್ತೀಯಲ್ಲ, ನಡಿ, ತೋರಿಸು. ಆಗದಿದ್ರೆ ಬಾಯಿ ಮುಚ್ಕೊಂಡು ಕೂತ್ಕೋ” ಎಂದೆ. ಜನ ನಕ್ಕರು. ನಕ್ಕವರ ಹೆಸರುಗಳೂ ನನಗೆ ನೆನಪಿವೆ. ಅಪ್ಪ ಟೋಪಿ ಸರಿಮಾಡಿಕೊಂಡು ಕೂತ. ಅದೇ ವಾರ ನೀನು ಊರು ಬಿಟ್ಟೆ.

ಅಮ್ಮ ಆಮೇಲೆ ಒಲೆಗೆ ರೊಟ್ಟಿ ಬಡಿಯುತ್ತಾ ಕೇಳಿದ್ದಳು: “ತೂತಿರೋದು ನಿಜಾನೇ ಆದ್ರೆ, ಅದರ ಬಾಯಿಗೆ ತುಂಬಿರೋ ಹರಕೆ ಕಲ್ಲು ಕಿತ್ತು ತೋರಿಸ್ಬಾರದಿತ್ತಾ? ಮಾನ ಉಳೀತಿತ್ತು.” ಅಪ್ಪ ಅಂದದ್ದು ಇಷ್ಟೇ: “ಒಂದೊಂದು ಕಲ್ಲೂ ಒಬ್ಬೊಬ್ಬಳ ಕಣ್ಣೀರು ಕಣೆ. ಅವನ್ನ ಕಿತ್ತು ಬಿಸಾಕಿ ನನ್ನ ಮಗನ ಮೇಲೆ ವಾದ ಗೆಲ್ಲಲಾ?”

ಈಗ ಸುದ್ದಿಗೆ ಬರುತ್ತೇನೆ. ಫೆಬ್ರವರಿ ಕೊನೆಗೆ ರಸ್ತೆಯವರು ಬಂದರು. ಹೊಳೆಯ ದಂಡೆಯ ರಸ್ತೆಯನ್ನು ದೊಡ್ಡ ಲಾರಿಗಳು ಓಡಾಡುವಷ್ಟು ಅಗಲ ಮಾಡುತ್ತಾರಂತೆ. ನಮ್ಮ ಬಂಡೆ ಸರಿಯಾಗಿ ಅಡ್ಡ ಬಂದಿತ್ತು. ಅವರು ಅದರ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೀಟು ಎಳೆದು ಹೋದರು. ಹಬ್ಬ ಮುಗಿಯುತ್ತಲೇ ಸಿಡಿಮದ್ದು ಇಡುತ್ತಾರೆಂದು ಸುದ್ದಿಯಾಯಿತು. ಹೆಂಗಸರು ಬಾಯಿ ಬಡಿದುಕೊಂಡರು. ಅಧ್ಯಕ್ಷ ದವ್ಲತ್‌ಕದಮ್ ಬಂದು, “ನಿಮ್ಮ ಹರಕೆ ಗಿರಕೆ ಎಲ್ಲ ಬೇರೆ ಬಂಡೆ ನೋಡ್ಕೊಳ್ಳಿ. ಬೆಟ್ಟದ ನಾಡಲ್ಲಿ ಬಂಡೆಗೇನು ಬರವಾ?” ಎಂದು ಗದರಿಸಿ ಹೋದರು.

ನಾನು ಹಾಲಿನ ಕ್ಯಾನು ಅಲ್ಲೇ ಇಟ್ಟು ಎಂಜಿನಿಯರ್ ಇಸ್ಕಂದರೋವ್ ಇದ್ದ ಡೇರೆಗೆ ಹೋದೆ. ಉದ್ದನೆಯ ಮನುಷ್ಯ, ಡೇರೆಯೊಳಗೆ ಬಗ್ಗಿಯೇ ನಿಲ್ಲಬೇಕು. “ಅದು ಬರೀ ಬಂಡೆಯಲ್ಲ ಸಾಹೇಬರೇ, ನಮ್ಮ ಹಿರಿಯರ ಪಂಚಾಂಗ. ಒಳಗೆ ತೂತಿದೆ, ನವ್ರೂಜ್ ಬೆಳಿಗ್ಗೆ ಸೂರ್ಯ ಅದರಲ್ಲಿ ಬರ್ತಾನೆ. ನಮ್ಮಪ್ಪ ಹೇಳಿದ್ದು” ಎಂದೆ. ಅವನು ಚಹಾ ಬಟ್ಟಲು ಕೆಳಗಿಟ್ಟ. “ನಿಮ್ಮಪ್ಪ ನೋಡಿದ್ರಾ?” ಎಂದ. “ಇಲ್ಲ, ನಮ್ಮಪ್ಪನ ಅಜ್ಜನ ಅಜ್ಜ ನೋಡಿದ್ದ” ಎಂದೆ. ನಗಲಿಲ್ಲ, ಅದೊಂದು ಪುಣ್ಯ.

“ನೋಡಮ್ಮ,” ಎಂದ, “ಹರಕೆ ಬಂಡೆ ಉಳಿಸಿ ಅಂತ ನಾನು ಮೇಲಿನವರಿಗೆ ಬರೆದರೆ ಮೊದಲು ನನ್ನ ತಲೆ ಪರೀಕ್ಷೆ ಮಾಡಿಸ್ತಾರೆ. ಹಳೇ ಕಾಲದವರ ಗಡಿಯಾರ ಅಂತಾದ್ರೆ ಮಾತು ಬೇರೆ, ಅದಕ್ಕೆ ಕಾನೂನಿದೆ, ರಸ್ತೇನೇ ಪಕ್ಕಕ್ಕೆ ಸರಿಸ್ತೀನಿ. ಆದ್ರೆ ನನ್ನ ಕಣ್ಣಿಗೆ ಕಾಣ್ಬೇಕು. ಹಬ್ಬದ ಬೆಳಿಗ್ಗೆ ತನಕ ಕಾಯ್ತೀನಿ. ಸೂರ್ಯ ಬರ್ಲಿಲ್ಲ ಅಂದ್ರೆ ನನ್ನ ಬೈಕೋಬೇಡಿ.”

ನ್ಯಾಯವಾದ ಮಾತು. ಆದರೆ ಹೊರಗೆ ಬಂದ ಮೇಲೆ ಲೆಕ್ಕ ಹಾಕಿದೆ. ಸೂರ್ಯ ಬರದಿದ್ದರೆ ಬಂಡೆಯಂತೂ ಹೋಗುತ್ತದೆ, ಅದರ ಜೊತೆಗೆ ಅಪ್ಪ ಎರಡನೇ ಸಲ ಸುಳ್ಳುಗಾರನಾಗುತ್ತಾನೆ. ಮೊದಲ ಸಲ ಬದುಕಿದ್ದ, ಟೋಪಿ ಸರಿಮಾಡಿಕೊಂಡ. ಈ ಸಲ ಅದಕ್ಕೂ ಅವನಿಲ್ಲ.

ನೀನು ಗಂಡಸು, ನಿನಗೆ ಹರಕೆಯ ಕಟ್ಟಳೆ ಗೊತ್ತಿರಲಾರದು. ಕೇಳು. ಯಾರಿಗಾಗಿ ಬೇಡಿಕೊಳ್ಳುತ್ತೇವೋ ಅವರ ಬಟ್ಟೆಯಿಂದ ಒಂದು ನೂಲು ಬಿಚ್ಚಿ, ಹೊಳೆಯ ಕಲ್ಲಿಗೆ ಸುತ್ತಿ, ಬಂಡೆಯ ಗೂಡಿನೊಳಗೆ ಒತ್ತಿಡಬೇಕು. ಕೈಗೂಡಿದರೆ ಕಲ್ಲನ್ನು ವಾಪಸ್ಸು ತಂದು ಮನೆಯ ಹೊಸ್ತಿಲ ಕೆಳಗೆ ಹೂಳಬೇಕು. ಕೈಗೂಡದೆ ಆಸೆ ಬಿಟ್ಟರೆ ತೆಗೆದು ಹೊಳೆಗೆ ಹಾಕಬೇಕು. ಇಟ್ಟವರೇ ತೆಗೆಯಬೇಕು, ಅವರು ಇಲ್ಲದಿದ್ದರೆ ಅವರ ರಕ್ತ ಹಂಚಿಕೊಂಡವರು. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಅಜ್ಜಿಯರ ಕಾಲದಿಂದ ಇಟ್ಟು ಇಟ್ಟು ಆ ಗೂಡು ಗೋಡೆಯಂತಾಗಿತ್ತು. ಒಳಗೆ ತೂತಿದೆ ಎಂದರೆ ನಗು ಬರುವುದರಲ್ಲಿ ಏನೂ ಆಶ್ಚರ್ಯವಿಲ್ಲ, ನಿಜ ಹೇಳಬೇಕೆಂದರೆ.

ಊರಿನ ಪ್ರಾರ್ಥನೆ ನಡೆಸುವ ಖಲೀಫ ನಾಸಿರ್‌ಶೋ ಅವರ ಹತ್ತಿರ ಹೋಗಿ ಕಲ್ಲು ತೆಗೆಸಲು ಅಪ್ಪಣೆ ಕೇಳಿದೆ. ಅವರು ಗಡ್ಡ ನೀವಿಕೊಂಡರು. “ಎಲ್ಲರನ್ನೂ ಬಂಡೆ ಹತ್ರ ಕರಿ. ಅವರವರ ಹರಕೆ ಅವರವರಿಗೆ ಸೇರಿದ್ದು, ನಾನ್ಯಾರು ಹೇಳೋಕೆ?” ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರಲ್ಲ ಎಂದು ನನಗೆ ಸಿಟ್ಟು ಬಂತು. ಈಗ ಅನ್ನಿಸುತ್ತದೆ, ಅವರು ಹೇಳಿದ್ದೇ ಸರಿ.

ಹಬ್ಬದ ಹಿಂದಿನ ದಿನ. ಮನೆಮನೆಯಲ್ಲೂ ಹೆಂಗಸರು ಮಸಿ ಗುಡಿಸಿ, ಕಂಬಗಳಿಗೆ ಹಿಟ್ಟಿನ ಬೊಟ್ಟಿಟ್ಟು, ಕೈ ತೊಳೆಯದೆ ಹಾಗೇ ಬಂದಿದ್ದರು. ಬಂಡೆಯ ಎದುರು ನಿಂತೆವು. ನಾನು ವಿಷಯ ಹೇಳಿದೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಯಾರ ಕಣ್ಣೀರನ್ನು ಯಾರು ಕೀಳುತ್ತಾರೆ? ಒಬ್ಬಳು ಆಗಲೇ ತಲೆವಸ್ತ್ರದ ಅಂಚು ಬಾಯಿಗೆ ಹಿಡಿದು ಅಳಲು ಶುರುಮಾಡಿದ್ದಳು. ಅಯ್ಯೋ, ಕೆಲಸ ಕೆಟ್ಟಿತು ಎಂದುಕೊಂಡೆ.

ಆಗ ನಿಯೋಜ್‌ಮೋ ಅಜ್ಜಿ ಕೋಲೂರಿಕೊಂಡು ಬಂದಳು. ನಿನಗೆ ನೆನಪಿದ್ದಾಳೆ, ನಮ್ಮನ್ನು ಏಪ್ರಿಕಾಟ್ ಮರದಿಂದ ಕೋಲಿನಲ್ಲೇ ಇಳಿಸುತ್ತಿದ್ದವಳು. ಕಣ್ಣು ಮಂಜಾಗಿದೆ, ನಾಲಿಗೆ ಹಾಗೆಯೇ ಇದೆ. “ಏನ್ರೇ, ಸತ್ತವರ ಮನೆ ಮುಂದೆ ನಿಂತ ಹಾಗೆ ನಿಂತಿದೀರಾ? ಸರೀರಿ” ಎಂದು ಕಟ್ಟಳೆಯನ್ನೂ ಲೆಕ್ಕಿಸದೆ ನುಗ್ಗಿ, ಗೂಡಿಗೆ ಕೈ ಹಾಕಿ ತಡಕಾಡಿ ಒಂದು ಕಲ್ಲು ಎಳೆದಳು. ಸೈನಿಕರ ಕೋಟಿನ ಬೂದು ನೂಲು ಸುತ್ತಿತ್ತು. ಬೆರಳಲ್ಲೇ ಸವರಿ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಬೊಚ್ಚು ಬಾಯಿ ಅಗಲವಾಯಿತು.

“ಇದು ನಂದೇ ಕಣ್ರೇ! ನನ್ನ ಮಗ ಯುದ್ಧದಿಂದ ಜೀವಂತ ಬರ್ಲಿ ಅಂತ ಇಟ್ಟಿದ್ದೆ. ಬಂದ! ಬಂದ, ಮದುವೆ ಆದ, ಮನೆ ತುಂಬ ಮಕ್ಕಳ ಮಾಡ್ದ, ಹೊಟ್ಟೆ ಬೆಳೆಸ್ದ, ಅಗೋ ಅಲ್ಲಿ ಹಲ್ಲಿಲ್ಲದೆ ನಿಂತವ್ನೆ. ನಾನು ತೆಗೆಯೋದೇ ಮರ್ತಿದ್ದೆ, ನನ್ನ ಬುದ್ಧಿಗಿಷ್ಟು!”

ಹಲ್ಲಿಲ್ಲದ ಮಗ ನಾಚಿಕೊಂಡು ಟೋಪಿ ಎಳೆದುಕೊಂಡ. ಜನ ಗೊಳ್ಳೆಂದು ನಕ್ಕರು. ನನಗೆ ಮಾತ್ರ ನಗು ಅರ್ಧಕ್ಕೇ ನಿಂತಿತು. ಅಣ್ಣ, ನನಗೆ ಆಗ ಹೊಳೆಯಿತು! ಕೈಗೂಡದವರು ಯಾರೂ ಮರೆಯುವುದಿಲ್ಲ. ಅವರು ಅಳುತ್ತಾ ಬಂದು ತಮ್ಮ ಕಲ್ಲು ತೆಗೆದು ಹೊಳೆಗೆ ಹಾಕಿ ಹೋಗಿರುತ್ತಾರೆ. ಮಗು ಹುಟ್ಟಿದವಳು, ಗಂಡ ಬಂದವಳು, ಜ್ವರ ಬಿಟ್ಟವಳು, ಅವರೇ ಮರೆಯುವವರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಅಪ್ಪ ಕಣ್ಣೀರೆಂದು ಕೈ ಮುಟ್ಟದೆ ಬಿಟ್ಟ ಆ ಗೋಡೆಯಲ್ಲಿ ಇದ್ದದ್ದು ಕಣ್ಣೀರಲ್ಲ, ತೀರಿದ ಹರಕೆಗಳು. ಊರಿನ ಸುಖವೇ ಗುಡ್ಡೆಯಾಗಿ ನಿಂತು ಸೂರ್ಯನಿಗೆ ಅಡ್ಡವಾಗಿತ್ತು. ನಾನು ಹಾಗೆಂದು ಕೂಗಿ ಹೇಳಿದೆ. ಎಲ್ಲರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಆಮೇಲೆ ನೋಡು, ನೂಕುನುಗ್ಗಲು!

ಆ ಮಧ್ಯಾಹ್ನವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. “ನಂದು, ನಂದು, ಆ ನೀಲಿ ನೂಲಿಂದು ನಂದು, ಮೂರನೇ ಹೆರಿಗೇದು.” “ಎಳೀಬೇಡ್ವೇ, ಅದು ನಮ್ಮತ್ತೇದು, ಆ ಗಂಟು ಅವಳಿಗೆ ಬಿಟ್ರೆ ಯಾರಿಗೂ ಬರ್ತಿರ್ಲಿಲ್ಲ.” “ಇದ್ಯಾವ್ದೇ, ನಿನ್ನ ಗಂಡ ಕುಡಿಯೋದು ಬಿಡ್ಲಿ ಅಂತ ಇಟ್ಟಿದ್ದಾ? ಬಿಟ್ಟನಾ?” “ಬಿಟ್ಟ ಬಿಟ್ಟ, ಈಗ ಬರೀ ಮಾತಾಡ್ತಾನೆ. ಅದಕ್ಕೊಂದು ಕಲ್ಲು ಇಡ್ಬೇಕು.” ಒಬ್ಬೊಬ್ಬಳೂ ಕಲ್ಲು ಎಳೆದು, ಅದು ಯಾರಿಗಾಗಿ ಇಟ್ಟದ್ದೋ ಅವರನ್ನು ಕೈ ಹಿಡಿದು ಎಳೆತಂದು ತೋರಿಸುತ್ತಿದ್ದಳು. ಇಗೋ ಇವನು. ಇಗೋ ಇವಳು. ಇವಳು ಹುಟ್ಟಿದಾಗ ಹೆಬ್ಬೆರಳಿನಷ್ಟಿದ್ದಳು, ಈಗ ನೋಡಿ!

ಅಷ್ಟರಲ್ಲಿ ಗದ್ದಲ ಕೇಳಿ ಅಧ್ಯಕ್ಷರು ಬಂದರು, ಹಿಂದೆಯೇ ಎಂಜಿನಿಯರ್. ಬಂದ ಗಳಿಗೆ ಎಂಥದ್ದು ನೋಡು. ನಿಯೋಜ್‌ಮೋ ಅಜ್ಜಿ ಕೆಂಪು ರೇಷ್ಮೆ ನೂಲಿನ ಒಂದು ಕಲ್ಲು ಎತ್ತಿ ಹಿಡಿದಳು. “ಈ ರೇಷ್ಮೆ ನಂಗೊತ್ತು. ದವ್ಲತ್‌ಕದಮಾ, ಇದು ನಿಮ್ಮಮ್ಮನ ಮದುವೆ ಮುಸುಕಿಂದು. ಹೆಣ್ಣಾದ ಮೇಲೆ ಹೆಣ್ಣು, ಹೆಣ್ಣಾದ ಮೇಲೆ ಹೆಣ್ಣು, ಒಂದು ಗಂಡು ಕೊಡು ಅಂತ ಬಂಡೆಗೆ ತಲೆ ಚಚ್ಕೊಂಡು ಇಟ್ಟಿದ್ಲು, ನಾನೇ ಜೊತೆಗಿದ್ದೆ. ಈ ಕಲ್ಲು ನೀನೇ ಕಣೋ! ತಗೋ ನಿನ್ನ!”

ಅಧ್ಯಕ್ಷರ ಮುಖ ಆ ರೇಷ್ಮೆಗಿಂತ ಕೆಂಪಾಯಿತು. ಎಂಜಿನಿಯರ್ ಕಡೆ ನೋಡಿದರು. ಎಂಜಿನಿಯರ್ ಬೆಟ್ಟದ ತುದಿಯಲ್ಲಿ ಏನೋ ಬಹಳ ಮುಖ್ಯವಾದದ್ದು ಕಂಡವನಂತೆ ಅತ್ತ ತಿರುಗಿ ನಿಂತ. ಅಧ್ಯಕ್ಷರು ಕಲ್ಲನ್ನು ತೆಗೆದುಕೊಂಡು, “ಇದು... ಭೂವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಬೇಕು” ಎಂದು ಜೇಬಿಗೆ ಹಾಕಿಕೊಂಡರು. ನಕ್ಕೂ ನಕ್ಕೂ ನನ್ನ ಪಕ್ಕೆ ಹಿಡಿದುಕೊಂಡಿತು. ಆದರೆ ಅಣ್ಣ, ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವರು ಬಂಡೆಯ ಹಿಂದೆ ಒಬ್ಬರೇ ನಿಂತು ಆ ಕಲ್ಲನ್ನು ಕೆನ್ನೆಗೆ ಒತ್ತಿಕೊಂಡಿದ್ದರು. ಅವರಮ್ಮ ಅವರಿಗೆ ಮಾತು ಬರುವ ಮೊದಲೇ ಹೋದವಳು. ನಾನು ನೋಡಿಲ್ಲವೆನ್ನುವಂತೆ ಈಚೆಗೆ ಬಂದುಬಿಟ್ಟೆ.

ಒಳಗಿನ ಕಲ್ಲುಗಳಿಗೆ ನೂಲೇ ಇರಲಿಲ್ಲ, ಮಣ್ಣಾಗಿ ಹೋಗಿತ್ತು. ಯಾರವೆಂದು ಯಾರಿಗೆ ಗೊತ್ತು? ಮತ್ತೆ ಎಲ್ಲರೂ ಹಿಂದೆ ಸರಿದರು. ಆಗ ಖಲೀಫರು ತಾವೇ ಮುಂದೆ ಬಂದು ಮಂಡಿಯೂರಿದರು. “ಇವರು ಏನು ಬೇಡಿಕೊಂಡಿರ್ತಾರೆ? ಮಕ್ಕಳು ಬದುಕ್ಲಿ, ಮನೆ ಉಳೀಲಿ, ಊರು ಉಳೀಲಿ ಅಂತ. ಉಳಿದಿದೀವಲ್ಲಪ್ಪಾ. ಇವರ ಹರಕೆ ನಾವೇ. ಬನ್ನಿ, ಎಲ್ಲರೂ ಒಂದೊಂದು ತೆಗೀರಿ” ಎಂದರು. ಗಂಡಸರೂ ಬಂದು ತೆಗೆದರು. ಮೊಲೆ ಕುಡಿಯುವ ಕೂಸಿನ ಕೈಯನ್ನೂ ಅದರಮ್ಮ ಕಲ್ಲಿಗೆ ಮುಟ್ಟಿಸಿದಳು. ನಿಜವಾಗಿಯೂ ತೂತಿತ್ತು ಅಣ್ಣ, ನನ್ನ ತೋಳು ಭುಜದ ತನಕ ಒಳಗೆ ಹೋಯಿತು, ಒಳಗೆಲ್ಲ ಉಳಿಯ ಗುರುತು. ಯಾರೋ ಮನುಷ್ಯರೇ ಕೊರೆದದ್ದು. ಊರು ಒಮ್ಮೆ ದಿನದ ಲೆಕ್ಕ ತಪ್ಪಿ, ಹಿಮದೊಳಗೆ ಬಿತ್ತಿ, ಬೀಜ ಕೊಳೆತು ಉಪವಾಸ ಬಿದ್ದಾಗ ಬುರ್ಹೋನ್ ಅಜ್ಜ ಬಂಡೆ ಕೊರೆದು ಸೂರ್ಯನಿಗೆ ದಾರಿ ಮಾಡಿದ ಎಂದು ಅಪ್ಪ ಹೇಳುತ್ತಿದ್ದನಲ್ಲ, ಆ ಗುರುತನ್ನು ನಾನು ಕೈಯಲ್ಲಿ ಮುಟ್ಟಿದೆ.

ಆದರೂ ಬೆಳಕು ಕಾಣಲಿಲ್ಲ. ಆಚೆ ತುದಿಯಲ್ಲಿ ಏನೋ ಅಡ್ಡವಿತ್ತು. ಬಂಡೆಯ ಮೂಡಣದ ಬದಿಗೆ ಯಾರೂ ಹೋಗುವುದಿಲ್ಲ, ಬರೀ ಮುಳ್ಳುಪೊದೆ, ಕೆಳಗೆ ಜಾರು. ನಾನೇ ಲಂಗ ಎತ್ತಿಕಟ್ಟಿಕೊಂಡು ತೆವಳಿಕೊಂಡು ಹೋದೆ. ಅಲ್ಲಿ ಒಂದೇ ಒಂದು ಕಲ್ಲು ಬಿಗಿಯಾಗಿ ಕೂತಿತ್ತು. ಖಲೀಫರು ಮೇಲಿನಿಂದ “ಏನಿದೆಯಮ್ಮಾ?” ಎಂದು ಕೂಗಿದರು. ನಾನು ಉತ್ತರ ಕೊಡದೆ ಅದನ್ನು ತೆಗೆದೆ. ಈಚೆ ಬದಿಯಲ್ಲಿದ್ದವರು ಹೋ ಎಂದು ಕಿರುಚಿದರು. ತೂತಿನಲ್ಲಿ ಆಕಾಶ ಕಂಡಿತ್ತು.

ಮರುದಿನ ಬೆಳಿಗ್ಗೆ ಕಾಲುವೆಯ ಪಕ್ಕದ ಚಪ್ಪಡಿಯ ಹತ್ತಿರ ಇಡೀ ಊರು. ಅಪ್ಪ ದಿನಾ ಹೋಗಿ ಕೂರುತ್ತಿದ್ದ ಚಪ್ಪಡಿ ಅದೇ, ದಿನ ಎಣಿಸುವವರು ಮೊದಲಿನಿಂದ ಕೂತದ್ದೂ ಅಲ್ಲೇ. ಬಂಡೆ ಅಲ್ಲಿಂದ ನೇರ ಎದುರಿಗೆ ಕಾಣುತ್ತದೆ. ಎಂಜಿನಿಯರನನ್ನು ಅದರ ಮೇಲೆ ಕೂರಿಸಿದೆವು. ಅವನು ಕೋಟಿನ ಗುಂಡಿಯೆಲ್ಲ ಹಾಕಿಕೊಂಡು, ಫೋಟೋ ತೆಗೆಸಿಕೊಳ್ಳುವವನಂತೆ ಕೂತ. ಚಳಿ ಹಲ್ಲು ಕಟಕಟ ಎನ್ನಿಸುತ್ತಿತ್ತು. ಮೂಡಣದ ಬೆಟ್ಟದ ಮೇಲೆ ಒಂದು ಮೋಡ ಬಂದು ಕೂತಿತು. ಆ ಮೋಡಕ್ಕೆ ನಾನು ಆಡದ ಬೈಗುಳವಿಲ್ಲ. ಅಧ್ಯಕ್ಷರು ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: “ಶಕರ್‌ಮೋ, ನಿಮ್ಮಪ್ಪ ಸುಳ್ಳು ಹೇಳೋ ಮನುಷ್ಯ ಅಲ್ಲ, ಅಲ್ವಾ?” ಹಿಂದೆ ನಕ್ಕವರಲ್ಲಿ ಅವರೂ ಒಬ್ಬರು.

ಮೋಡ ಸರಿಯಿತು. ಬೆಟ್ಟದ ಅಂಚು ಹೊತ್ತಿಕೊಂಡಿತು. ಬಂಡೆಯ ನೆರಳು ನಮ್ಮೆಲ್ಲರ ಮೇಲೆ ತಣ್ಣಗೆ ಬಿದ್ದಿತ್ತು, ಆ ನೆರಳಿನ ನಡುವೆ ಬಟ್ಟಲಿನಷ್ಟು ಬೆಳಕು ಹೊಲದ ಮೇಲೆ ಬಂತು, ಕಾಲುವೆ ದಾಟಿತು, ಬಂದು ಎಂಜಿನಿಯರನ ಮೈಮೇಲೆ ನಿಂತಿತು. ಎಲ್ಲಿ ನಿಂತಿತು ಹೇಳು? ಎದೆಯ ಮೇಲೆ! ಸರಿಯಾಗಿ ಎದೆಯ ಮೇಲೆ!

ಅಪ್ಪ ಏನು ಹೇಳುತ್ತಿದ್ದ? ಸೂರ್ಯ ಎದೆಗೆ ಬಂದ. ನಾವೆಲ್ಲ ಅದನ್ನು ಹಳಬರ ಮಾತಿನ ಧಾಟಿ ಎಂದುಕೊಂಡಿದ್ದೆವು, ಹೇಳುತ್ತಿದ್ದ ಅಪ್ಪನೂ ಹಾಗೆಯೇ ಅಂದುಕೊಂಡಿದ್ದನೋ ಏನೋ. ಅದು ಧಾಟಿಯಲ್ಲ ಅಣ್ಣ, ಕಂಡದ್ದನ್ನು ಕಂಡ ಹಾಗೆ ಹೇಳಿದ ಮಾತು. ಆ ಚಪ್ಪಡಿಯ ಮೇಲೆ ಮನುಷ್ಯನೊಬ್ಬ ಕೂತರೆ ಸೂರ್ಯ ಅವನ ಮೈಮೇಲೆ ಬೆರಳಿಟ್ಟು ಇವತ್ತು ಯಾವ ದಿನವೆಂದು ಹೇಳುತ್ತಾನೆ. ನೋಡಿದವರೆಲ್ಲ ಸತ್ತು, ತೂತು ಮುಚ್ಚಿ, ಯಾಕೆ ಎನ್ನುವುದು ಮರೆತರೂ ಮಾತು ಮಾತ್ರ ಬಾಯಿಂದ ಬಾಯಿಗೆ ಬಂದು ಅಪ್ಪನ ತನಕ ಉಳಿದಿತ್ತು.

ಎಂಜಿನಿಯರ್ ತಲೆ ಬಗ್ಗಿಸಿ ತನ್ನ ಎದೆಯನ್ನೇ ನೋಡುತ್ತಿದ್ದ. ಮೆಲ್ಲಗೆ ಕೈ ತಂದು ಆ ಬೆಳಕಿನ ಮೇಲಿಟ್ಟ. “ಬಿಸಿ ಇದೆ,” ಎಂದ. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮಪ್ಪನ ಹೆಸರೇನಮ್ಮ? ಬರೆಯುವಾಗ ಬೇಕು” ಎಂದ. ನಾನು ಬಾಯಿ ತೆರೆಯುವ ಮೊದಲೇ ಊರೆಲ್ಲ ಒಟ್ಟಿಗೆ ಕೂಗಿತು: “ಶೋಹ್‌ಕಲೋನ್! ದಿನ ಎಣಿಸೋ ಶೋಹ್‌ಕಲೋನ್!” ಅಂದು ಶಾಲೆಯ ಅಂಗಳದಲ್ಲಿ ನಕ್ಕವರೇ, ಅಣ್ಣ, ಅದೇ ಬಾಯಿಗಳು.

ಆಮೇಲೆ ಹಬ್ಬ. ಇಂಥ ನವ್ರೂಜನ್ನು ನೀನು ಕಂಡಿಲ್ಲ, ನಾನೂ ಕಂಡಿಲ್ಲ. ಒಬ್ಬರ ಹೆಗಲಿಗೊಬ್ಬರು ಹಿಟ್ಟು ಎರಚಿ ಬೆಳ್ಳಗಾದೆವು, ಗೋಧಿ ಮಾಂಸದ ಗಂಜಿ ಮೂರು ಹಂಡೆ ಖಾಲಿ, ಖಲೀಫರು ರಬಾಬು ವಾದ್ಯ ಹಿಡಿದರೆ ಕೆಳಗಿಡಲೇ ಇಲ್ಲ. ಎಂಜಿನಿಯರನಿಗೆ ಬೆಣ್ಣೆ ಉಪ್ಪು ಹಾಕಿದ ಹಾಲು ಚಹಾ ಕುಡಿಸಿ ಕುಡಿಸಿ ಕುಣಿಸಿದೆವು. ಡೇರೆಯ ಹೊರಗೆ ನೆಟ್ಟಗೆ ನಿಂತರೆ ಆ ಮನುಷ್ಯ ಕುಣಿಯಬಲ್ಲ. ಅವನು ಮರುದಿನವೂ ಬಂದು ಕೂತ, ಅದರ ಮರುದಿನವೂ ಕೂತ. ಬೆಳಕು ದಿನದಿನಕ್ಕೆ ಇಳಿಯಿತು, ಹೊಟ್ಟೆಗೆ ಬಂದ ದಿನ ಅವನೇ ಎದ್ದು ನಿಂತು, “ಬಿತ್ರಪ್ಪಾ!” ಎಂದು ಕೂಗಿದ. ಕಾಗದ ಬರೆದು ಕಳಿಸಿದ್ದಾನೆ. ಬೇಸಿಗೆಯಲ್ಲಿ ನಿಮ್ಮ ದುಶಾನ್ಬೆಯಿಂದಲೇ ಹಳೆಯ ವಸ್ತುಗಳ ಪಂಡಿತರು ಬರುತ್ತಾರಂತೆ. ರಸ್ತೆ ಬಂಡೆಯನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತದೆ, ಗೂಟ ಆಗಲೇ ನೆಟ್ಟಾಯಿತು. ಕೆಂಪು ಗೀಟನ್ನು ಅಧ್ಯಕ್ಷರೇ ಕಲ್ಲಿನಿಂದ ಉಜ್ಜಿ ತೆಗೆದರು. ಬಂಡೆಯ ಹತ್ತಿರ ಫಲಕ ಹಾಕಿ ತಮ್ಮ ಹೆಸರನ್ನೂ ಕೆಳಗೆ ಬರೆಸುತ್ತೇನೆ ಎಂದರು. “ಬರೆಸಿ, ಭೂವಿಜ್ಞಾನದ ಮಾದರಿ ಅಂತ ಬರೆಸಿ” ಎಂದೆ. ಮತ್ತೆ ಆ ಮಾತು ಎತ್ತಿಲ್ಲ.

ಇನ್ನೊಂದು ಸುದ್ದಿ. ಈಗ ಬೆಳಗಾದರೆ ಆ ಚಪ್ಪಡಿಯ ಮೇಲೆ ಕೂರುವವಳು ನಾನು. ಹೆಂಗಸು ದಿನ ಎಣಿಸಬಹುದೇ ಎಂದು ಒಂದಿಬ್ಬರು ಗೊಣಗಿದರು. ನಿಯೋಜ್‌ಮೋ ಅಜ್ಜಿ, “ಒಂಬತ್ತು ತಿಂಗಳು ಎಣಿಸೋರು ಯಾರೋ, ನಿಮ್ಮಪ್ಪನಾ?” ಎಂದಳು, ಬಾಯಿ ಮುಚ್ಚಿದರು. ಹಾಲಿನ ಕ್ಯಾನು ಹೊತ್ತು ವಾಪಸ್ಸು ಬರುವಾಗ ಹೊಲದಲ್ಲಿದ್ದವರು “ಶಕರ್‌ಮೋ, ಸೂರ್ಯ ಎಲ್ಲಿಗೆ ಬಂದ?” ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಅಣ್ಣ.

ಅತ್ತಿಗೆಗೆ ಒಣಗಿದ ಏಪ್ರಿಕಾಟ್, ಮಕ್ಕಳಿಗೆ ಒಣಮೊಸರಿನ ಉಂಡೆ ಕಳಿಸಿದ್ದೇನೆ. ಹಲ್ಲು ಜೋಪಾನ ಎಂದು ಹೇಳು. ನಿನ್ನ ಮನೆಯ ಒಲೆ ಆರದಿರಲಿ, ಮಕ್ಕಳ ನೆರಳು ಉದ್ದವಾಗಲಿ, ಹೊಸ ವರ್ಷ ನಿಮ್ಮ ಹೊಸ್ತಿಲಿಗೆ ಬಲಗಾಲಿಟ್ಟು ಬರಲಿ.

ನಿನ್ನ ತಂಗಿ,
ಶಕರ್‌ಮೋ

ಮರೆತಿದ್ದೆ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಬರೆಯಲೋ ಬೇಡವೋ ಎಂದು ಕಾಗದ ಮಡಿಚಿ, ಮತ್ತೆ ಬಿಚ್ಚಿ ಕೂತಿದ್ದೇನೆ. ಮೂಡಣದ ಬದಿಯಲ್ಲಿದ್ದ ಆ ಕೊನೆಯ ಕಲ್ಲು ಅಪ್ಪನದು. ಅದಕ್ಕೆ ಸುತ್ತಿದ್ದ ನೂಲು ನಿನ್ನ ಕಾಲುಚೀಲದ್ದು. ಕೆಂಪಿಗೆ ಹಳದಿ ಹೊಸೆದು ನಾನೇ ನೂತದ್ದು, ನನ್ನ ಕೈಯ ನೂಲು ನನಗೆ ಗೊತ್ತಾಗದೇ? ಹರಕೆಯೆಂದರೆ ಹೆಂಗಸರ ಕೆಲಸ ಎನ್ನುತ್ತಿದ್ದ ಮನುಷ್ಯ, ಯಾರ ಕಣ್ಣಿಗೂ ಬೀಳಬಾರದೆಂದು ಆ ಮುಳ್ಳಿನೊಳಗೆ ತೆವಳಿಕೊಂಡು ಹೋಗಿ ಇಟ್ಟಿದ್ದಾನೆ. ಸೂರ್ಯ ಬರುವ ಬಾಯಿ ಅದೆಂದು ಊರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿಯೇ ಇಟ್ಟು, ನೀನು ಬರಲಿ ಎಂದು ಕೇಳಿಕೊಂಡಿದ್ದಾನೆ. ಸಾಯುವ ತನಕ ಅದನ್ನು ತೆಗೆದು ಹೊಳೆಗೆ ಹಾಕಲಿಲ್ಲ.

ಊರಿನ ಎಲ್ಲರೂ ತೀರಿದ ಹರಕೆ ತೆಗೆದರು, ತೀರದೆ ತೆಗೆದವಳು ನಾನೊಬ್ಬಳೇ. ಆಮೇಲೆ ಹೊಳೆಯ ತನಕ ಹೋದೆ, ಎಸೆಯಲು ಕೈ ಏಳಲಿಲ್ಲ. ಮನೆಗೆ ತಂದೆ, ಹೊಸ್ತಿಲ ಕೆಳಗೆ ಹೂಳಲು ನನಗೆ ಹಕ್ಕಿಲ್ಲ. ನಿನ್ನ ಮೇಲೆ ನನಗೆ ಬಹಳ ಸಿಟ್ಟಿದೆ ಅಣ್ಣ, ಅಪ್ಪನ ಮಣ್ಣಿಗೂ ನೀನು ಬರಲಿಲ್ಲ. ಹಿಮ ಎಂದು ತಂತಿ ಕೊಟ್ಟೆ. ಹಿಮ ಕರಗಿ ಎಷ್ಟು ಸಲ ಬಿದ್ದಿತು. ಆ ಕಲ್ಲು ಈಗ ನನ್ನ ಸೊಂಟದ ಗಂಟಿನಲ್ಲಿದೆ, ಹಾಲು ಕರೆಯಲು ಬಗ್ಗಿದಾಗಲೆಲ್ಲ ಹೊಟ್ಟೆಗೆ ಒತ್ತುತ್ತದೆ. ನೀನು ಬಾರದೆ ಇದನ್ನು ನಾನು ಎಲ್ಲೂ ಇಡಲಾರೆ. ಬಾ.